ಬೆಂಕಿ ಕಾಣದ ಊಟ

ಒಲೆ ಹಚ್ಚದೆ ಹತ್ತು ದಿನ, ಹದಿನೈದು ದಿನ, ಇಲ್ಲವೆ ಇಪ್ಪತ್ತೊಂದು ದಿನ ಕಳೆದು ದೇಹವನ್ನು ಹೊಸದಾಗಿ ಹದಗೊಳಿಸಿಕೊಳ್ಳಬೇಕೆಂಬ ಹಂಬಲ ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ವಿದ್ಯಾವಂತರಲ್ಲಿ ಬಲವಾಗಿ ಕಾಣಿಸಿಕೊಂಡಿದೆ. ಅನ್ನವಿಲ್ಲ, ಸಾರಿಲ್ಲ, ಹಾಲು ಮೊಸರು ತುಪ್ಪಗಳಿಲ್ಲ. ಹಣ್ಣು, ಹಸಿ ತರಕಾರಿ, ನೆನೆಸಿ ಮೊಳಕೆ ಬರಿಸಿದ ಕಾಳು, ತೆಂಗಿನಕಾಯಿ, ಬಾದಾಮಿ, ಇಷ್ಟೇ. ಆಹಾರವು ಸುಮಾರು 40ರಿಂದ 48 ಡಿಗ್ರಿಗಿಂತ ಹೆಚ್ಚು ಬಿಸಿಯಾದರೆ ಅದರ ಜೀವಸತ್ತ್ವ ನಾಶವಾಗುತ್ತದೆಂಬುದು ಈ ಪಥ್ಯದವರ ಮೂಲ ನಂಬಿಕೆ. ಪ್ರಾಣಿಮೂಲವಾದುದನ್ನು ಏನನ್ನೂ ಮುಟ್ಟದವರನ್ನು ‘ವೀಗನ್’ ಎಂದು ಕರೆಯುವ ರೂಢಿ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಅದಕ್ಕೆ ಬೇಯಿಸಬಾರದೆಂಬ ಇನ್ನೊಂದು ನಿಯಮವನ್ನು ಕೂಡಿಸಿದರೆ ಈ ವ್ರತ ಪೂರ್ಣವಾಗುತ್ತದೆ.

ಕನ್ನಡದಲ್ಲಿ ‘ಹಸಿ’ ಎಂದರೆ ಬೇಯದ್ದು. ‘ಹಸಿ’ ಎಂದರೆ ಹಸಿವಾಗು ಎಂಬ ಕ್ರಿಯೆಯೂ ಹೌದು. ಹಳಗನ್ನಡದಲ್ಲಿ ಎರಡೂ ‘ಪಸಿ’ಯೇ. ನಿಘಂಟುಕಾರರು ಇವೆರಡನ್ನೂ ಬೇರೆ ಬೇರೆ ಮೂಲದ ಶಬ್ದಗಳೆಂದು ಎಣಿಸುತ್ತಾರೆ. ಈ ಪಥ್ಯವನ್ನು ಮೂರು ದಿನ ನಡೆಸಿದವರಿಗೆ ಆ ವಿಂಗಡಣೆ ಅಷ್ಟಾಗಿ ಒಪ್ಪಿಗೆಯಾಗಲಾರದು.

ಇದನ್ನು ಹೊಸ ಕಾಲದ ಷೋಕಿಯೆಂದು ತಳ್ಳಿಹಾಕುವವರಿಗೆ ನಾನು ಗಾಂಧೀಜಿಯವರ ಹೆಸರನ್ನು ನೆನಪಿಸುತ್ತೇನೆ. 1893ರಲ್ಲಿ, ಇನ್ನೂ ಇಪ್ಪತ್ತನಾಲ್ಕು ತುಂಬದ ತರುಣ ವಕೀಲ ಮೋಹನದಾಸರು ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿದ್ದರು. ಅವರು ವಾರಕ್ಕೆ ಮೂವತ್ತೈದು ಷಿಲ್ಲಿಂಗ್ ಕೊಟ್ಟು ಊಟವಸತಿ ಪಡೆದಿದ್ದುದು ರೊಟ್ಟಿ ಸುಡುವ ವೃತ್ತಿಯವನೊಬ್ಬನ ಮನೆಯಲ್ಲಿ. ಅಂಥ ಮನೆಯಲ್ಲಿ ಕುಳಿತು, ಆಗಸ್ಟ್ 22ರಿಂದ ಅವರು ಬೆಂಕಿ ಕಾಣದ ಆಹಾರದ ಪ್ರಯೋಗವನ್ನು ಆರಂಭಿಸಿದರು. ನೆನೆಸಿದ ಗೋಧಿ, ಬಟಾಣಿ, ಅಕ್ಕಿ, ಒಣದ್ರಾಕ್ಷಿ, ಒಂದಿಷ್ಟು ಬೀಜಗಳು, ಕಿತ್ತಳೆ ಹಣ್ಣು. ಅಕ್ಕಿಯನ್ನು ನೆನೆಸಿ ಅಗಿಯುವ ಸಾಹಸವನ್ನು ಇಂದಿನ ಉತ್ಸಾಹಿಗಳೂ ಮಾಡಲಾರರು. ಅದಕ್ಕೆ ಮೊದಲು ಮುಂಬಯಿಯಲ್ಲಿಯೂ ಒಂದು ವಾರ ಇದನ್ನು ಯತ್ನಿಸಿ, ಮನೆಗೆ ಬರುವ ಸ್ನೇಹಿತರ ಸತ್ಕಾರದ ನಡುವೆ ಸಾಗದೆಂದು ಬಿಟ್ಟಿದ್ದರು.

ಪ್ರಿಟೋರಿಯಾದ ಅನುಭವವನ್ನು ಅವರು ದಿನಚರಿಯ ರೂಪದಲ್ಲಿ ಬರೆದಿಟ್ಟರು. ಅದು 1894ರ ಮಾರ್ಚಿಯಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಬರಹ ನನಗೆ ಪ್ರಿಯವಾಗಿರುವುದು ಅದರ ನೇರವಂತಿಕೆಗಾಗಿ. ಇಂದು ಹಸಿವು, ನಾಳೆ ಆಯಾಸ, ಮತ್ತೊಂದು ದಿನ ಅಗಿದು ಅಗಿದು ಹಲ್ಲುನೋವು. ಯಾವುದನ್ನೂ ಮರೆಮಾಚಿಲ್ಲ, ಯಾವುದನ್ನೂ ಉಬ್ಬಿಸಿಲ್ಲ. ಸುಮಾರು ಎರಡು ವಾರಗಳ ಬಳಿಕ ಗಂಜಿ, ರೊಟ್ಟಿ, ಜಾಮು, ಕೋಕೋಗಳಿಗೆ ಮರಳಿದಾಗ ಎಷ್ಟು ಹಾಯೆನಿಸಿತೆಂಬುದನ್ನೂ ಬರೆದಿದ್ದಾರೆ. ಈ ಆಹಾರದಲ್ಲಿ ದೊಡ್ಡ ಸಾಧ್ಯತೆಗಳು ಇರಬಹುದು, ಆದರೆ ಅದು ನಶ್ವರ ಶರೀರವನ್ನು ಅಮರಗೊಳಿಸಲಾರದು ಎಂಬ ಅರ್ಥದ ಮಾತನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿಯೇ ಅವರು ಹೇಳಿದರು.

ಆದರೂ ಆಸೆ ಬಿಡಲಿಲ್ಲ. ಮೂವತ್ತಾರು ವರ್ಷಗಳ ತರುವಾಯ, 1929ರ ಬೇಸಗೆಯಲ್ಲಿ ಆಂಧ್ರ ಪ್ರವಾಸದಲ್ಲಿದ್ದಾಗ ರಾಜಮಹೇಂದ್ರಿಯ ಪ್ರಕೃತಿಚಿಕಿತ್ಸಕರೊಬ್ಬರ ಮಾತಿನಿಂದ ಹುರುಪುಗೊಂಡು, ಸಾಬರಮತಿಯ ಆಶ್ರಮದಲ್ಲಿ ಜೊತೆಗಾರರನ್ನೂ ಸೇರಿಸಿಕೊಂಡು ಮತ್ತೆ ತೊಡಗಿದರು. ಮೊಳಕೆ ಗೋಧಿ 8 ತೊಲ, ಅರೆದ ಬಾದಾಮಿ 8 ತೊಲ, ಜಜ್ಜಿದ ಸೊಪ್ಪು 8 ತೊಲ, ಜೊತೆಗೆ ನಿಂಬೆಹಣ್ಣು, ಎರಡು ಔನ್ಸ್ ಜೇನು: ಇದು ಅವರು ‘ಯಂಗ್ ಇಂಡಿಯಾ’ದಲ್ಲಿ ಕೊಟ್ಟ ದಿನದ ಲೆಕ್ಕ. ಜೇನನ್ನು ಇಂದಿನ ಕಟ್ಟಾ ವೀಗನ್ನರು ಒಪ್ಪುವುದಿಲ್ಲ, ಅದಿರಲಿ. ತೊಲವೆಂದರೆ ಹನ್ನೆರಡು ಗ್ರಾಮಿಗೆ ಸ್ವಲ್ಪ ಕಡಮೆ. ನನ್ನ ಲೆಕ್ಕದಲ್ಲಿ ಇದೆಲ್ಲ ಸೇರಿ ಒಂದು ಸಾವಿರ ಕ್ಯಾಲೊರಿಯ ಆಸುಪಾಸಿಗೆ ಬರುತ್ತದೆ. ದಿನವಿಡೀ ದುಡಿಯುವ, ಅರವತ್ತು ಸಮೀಪಿಸಿದ ಮನುಷ್ಯನಿಗೆ ಅದು ಅರೆಹೊಟ್ಟೆಯ ಊಟ. ಆಗಸ್ಟ್ ತಿಂಗಳಿನಲ್ಲಿ ಆಮಶಂಕೆ ಹಿಡಿದು, ಪ್ರಯೋಗವನ್ನು ನಿಲ್ಲಿಸಿ ಅವರು ಆಡಿನ ಹಾಲಿಗೆ ಮರಳಬೇಕಾಯಿತು. ಸೋಲನ್ನು ಅದೇ ಪತ್ರಿಕೆಯಲ್ಲಿ ಓದುಗರಿಗೆ ತಿಳಿಸಿದರು.

ಈ ‘ಆಮಶಂಕೆ’ ಎಂಬ ಮಾತಿನ ಬಳಿ ಕೊಂಚ ನಿಲ್ಲೋಣ. ಸಂಸ್ಕೃತದಲ್ಲಿ ‘ಆಮ’ ಎಂದರೆ ಹಸಿಯಾದುದು, ಬೇಯದಿರುವುದು. ಆಯುರ್ವೇದದಲ್ಲಿ ಅದೇ ಶಬ್ದಕ್ಕೆ ಜೀರ್ಣವಾಗದೆ ಉಳಿದು ರೋಗಕ್ಕೆ ಕಾರಣವಾಗುವ ರಸವೆಂಬ ಅರ್ಥ. ಒಲೆಯ ಮೇಲೆ ಒಮ್ಮೆ ಬೆಂದುದು ಹೊಟ್ಟೆಯೊಳಗಿನ ಜಠರಾಗ್ನಿಯಲ್ಲಿ ಎರಡನೆಯ ಬಾರಿ ಬೇಯುತ್ತದೆಂಬುದು ನಮ್ಮ ಹಿರಿಯರ ಕಲ್ಪನೆ. ‘ಪಕ್ವ’ ಎಂಬ ಒಂದೇ ಪದ ಬೆಂದ ಅನ್ನಕ್ಕೂ, ಮಾಗಿದ ಹಣ್ಣಿಗೂ, ಬಲಿತ ಬುದ್ಧಿಗೂ ಸಲ್ಲುತ್ತದೆ. ಹೀಗೆ ನಮ್ಮ ವೈದ್ಯಪರಂಪರೆಯು ರೋಗದ ಬೇರನ್ನು ಹಸಿತನದಲ್ಲಿ ಕಂಡಿತು. ಹಸಿ ಆಹಾರದ ಪಂಥವು ಅದೇ ಬೇರನ್ನು ಬೇಯಿಸುವುದರಲ್ಲಿ ಕಾಣುತ್ತದೆ. ಇದು ನಮ್ಮ ಪ್ರಾಚೀನ ಋಷಿಗಳ ಆಹಾರವೆಂದು ಶಿಬಿರಗಳಲ್ಲಿ ಉಪನ್ಯಾಸ ಮಾಡುವವರು ಈ ವಿರೋಧವನ್ನು ಗಮನಿಸಿದಂತೆ ತೋರುವುದಿಲ್ಲ.

ಜೈನರ ಮಾತು ಇನ್ನೂ ಸ್ಪಷ್ಟ. ಶ್ರಾವಕನು ಏರಬೇಕಾದ ಹನ್ನೊಂದು ಪ್ರತಿಮೆಗಳಲ್ಲಿ ಐದನೆಯದು ಸಚಿತ್ತತ್ಯಾಗ, ಅಂದರೆ ಜೀವವಿರುವ ಹಸಿಯ ಪದಾರ್ಥಗಳನ್ನು ಬಿಡುವುದು. ಮೊಳಕೆಯೊಡೆದ ಕಾಳಿನಲ್ಲಿ ಜೀವವಿದೆ, ಆದ್ದರಿಂದ ತಿನ್ನಬೇಕು ಎಂದು ಇವರು. ಜೀವವಿದೆ, ಆದ್ದರಿಂದಲೇ ತಿನ್ನಬಾರದು ಎಂದು ಅವರು. ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ ಮೂರನೆಯ ಮಂಗರಸ ಜೈನಕವಿ. ಅಡುಗೆಗೆ ಶಾಸ್ತ್ರದ ಗೌರವ ಕೊಟ್ಟ ಭಾಷೆ ನಮ್ಮದು.

ಹಾಗೆಂದು ಹಸಿಯಾದುದು ನಮಗೆ ಅಪರಿಚಿತವೆಂದಲ್ಲ. ರಾಮನವಮಿಯ ಕೋಸಂಬರಿಯಲ್ಲಿ ಬೆಂಕಿ ಕಂಡದ್ದು ಒಗ್ಗರಣೆಯೊಂದೇ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ, ನಿಂಬೆರಸ: ಯಾವ ಪೌಷ್ಟಿಕತಜ್ಞರೂ ಇದಕ್ಕಿಂತ ಸೊಗಸಾದುದನ್ನು ಹೇಳಲಾರರು. ಕಾಲಮಿತಿಯ ಪಥ್ಯವೂ ನಮಗೆ ಗೊತ್ತು. ಮಾಧ್ವ ಮನೆಗಳ ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಬಿಡುವರು, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಕೊನೆಯ ತಿಂಗಳು ದ್ವಿದಳ ಧಾನ್ಯ. ಅಲ್ಲಿನ ವಿವೇಕವನ್ನು ಗಮನಿಸಿ: ಒಂದನ್ನು ಬಿಟ್ಟಾಗ ಉಳಿದವು ಎಲೆಯ ಮೇಲಿರುತ್ತವೆ. ಎಲ್ಲವನ್ನೂ ಒಮ್ಮೆಗೇ ಬಿಡಿಸುವ ಅವಸರ ಅಲ್ಲಿಲ್ಲ.

ಯುರೋಪಿನಲ್ಲಿ ಈ ಪಥ್ಯಕ್ಕೆ ಆಸ್ಪತ್ರೆಯ ಮರ್ಯಾದೆ ತಂದವರು ಸ್ವಿಟ್ಜರ್ಲೆಂಡಿನ ವೈದ್ಯ ಬಿರ್ಷರ್-ಬೆನ್ನರ್. 1904ರಲ್ಲಿ ಜೂರಿಕ್ಕಿನ ಗುಡ್ಡದ ಮೇಲೆ ಅವರು ತೆರೆದ ಆರೋಗ್ಯಧಾಮದಲ್ಲಿ ಹಸಿ ಹಣ್ಣು ತರಕಾರಿಗಳೇ ಔಷಧ. ಈಗ ಅಂಗಡಿಗಳಲ್ಲಿ ಡಬ್ಬಿಗಳಲ್ಲಿ ಬರುವ ‘ಮ್ಯೂಸ್ಲಿ’ ಅಲ್ಲಿ ಹುಟ್ಟಿದ್ದು. ಮೂಲದಲ್ಲಿ ಅದು ಮುಖ್ಯವಾಗಿ ತುರಿದ ಹಸಿ ಸೇಬು, ಓಟ್ಸ್ ಅದಕ್ಕೆ ಬರಿಯ ಜೊತೆ. 1909ರಲ್ಲಿ ಕಾದಂಬರಿಕಾರ ತಾಮಸ್ ಮನ್ ಅಲ್ಲಿ ಕೆಲವು ವಾರ ಇದ್ದು, ಆ ಶಿಸ್ತನ್ನು ಕಾರಾಗೃಹಕ್ಕೆ ಹೋಲಿಸಿದನು. ಬೇಗ ಮಲಗುವುದು, ಬೇಗ ಏಳುವುದು, ನಡಿಗೆ, ತೋಟದ ಕೆಲಸ, ತಂಬಾಕಿಲ್ಲ, ಮದ್ಯವಿಲ್ಲ. ಗುಣ ಕಂಡವರಿಗೆ ಗುಣ ಬಂದದ್ದು ಸೇಬಿನಿಂದಲೋ ಈ ದಿನಚರಿಯಿಂದಲೋ ಎಂದು ಬಿಡಿಸಿ ಹೇಳುವುದು ಹೇಗೆ? ಇಂದಿನ ಹತ್ತು ದಿನಗಳ ಶಿಬಿರಗಳಿಗೂ ನಾನು ಕೇಳುವ ಪ್ರಶ್ನೆ ಇದೇ.

ವಿಜ್ಞಾನ ಏನನ್ನುತ್ತದೆ? ಬೇಯಿಸಿದಾಗ ಸಿ ಜೀವಸತ್ತ್ವದ ಒಂದು ಪಾಲು ನಷ್ಟವಾಗುವುದು ನಿಜ. ಆದರೆ ಟೊಮೇಟೊದಲ್ಲಿರುವ ಲೈಕೊಪೀನ್, ಗಜ್ಜರಿಯಲ್ಲಿರುವ ಕ್ಯಾರೊಟೀನ್ ಎಣ್ಣೆಯೊಡನೆ ಬೆಂದಾಗಲೇ ದೇಹಕ್ಕೆ ಹೆಚ್ಚು ಒದಗುತ್ತವೆ. ಹಸಿ ಆಹಾರದ ಕಿಣ್ವಗಳು ನಮ್ಮ ಜೀರ್ಣಕ್ಕೆ ನೆರವಾಗುತ್ತವೆಂಬ ವಾದ ನಿಲ್ಲುವುದಿಲ್ಲ. ಅವೂ ಪ್ರೋಟೀನುಗಳೇ, ಜಠರದ ಆಮ್ಲದಲ್ಲಿ ಬಹುಮಟ್ಟಿಗೆ ಮುರಿದುಹೋಗುತ್ತವೆ. ದೇಹದ ವಿಷವನ್ನು ತೊಳೆಯುವ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ರಜೆಯಿಲ್ಲದೆ ನಡೆಸುತ್ತಿವೆ, ಸೌತೆಕಾಯಿಯ ರಸಕ್ಕಾಗಿ ಕಾದು ಕುಳಿತಿಲ್ಲ. ಮೊದಲ ನಾಲ್ಕೈದು ದಿನಗಳಲ್ಲಿ ಎರಡು ಕಿಲೋ ತೂಕ ಇಳಿಯಿತೆಂದು ಹಿಗ್ಗುವವರು ತಿಳಿಯಬೇಕಾದ ಸಂಗತಿಯೊಂದಿದೆ. ದೇಹವು ಕೂಡಿಟ್ಟ ಗ್ಲೈಕೊಜೆನ್ ಎಂಬ ಪಿಷ್ಟದ ಪ್ರತಿ ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರಿರುತ್ತದೆ; ಪಿಷ್ಟ ಕರಗಿದಾಗ ನೀರೂ ಹೊರಡುತ್ತದೆ. ಅನ್ನ ಉಂಡೊಡನೆ ಎರಡೂ ಹಿಂದಿರುಗುತ್ತವೆ.

ಬಹುಕಾಲ ಹೀಗೆಯೇ ಬದುಕಿದವರ ಪಾಡೇನು? ಜರ್ಮನಿಯಲ್ಲಿ ಇಂಥ ಐನೂರಕ್ಕೂ ಹೆಚ್ಚು ಜನರನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿ ಕಾಲುಭಾಗ ಹೆಂಗಸರ ತೂಕ ಇರಬೇಕಾದುದಕ್ಕಿಂತ ಕಡಮೆಯಿತ್ತು. ನಲವತ್ತೈದು ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ಮೂವತ್ತರಷ್ಟು ಜನರ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇಹೋಗಿತ್ತು. ಮನುಷ್ಯ ಮನುಷ್ಯನಾದದ್ದೇ ಅಡುಗೆಯಿಂದ ಎಂದು ರಿಚರ್ಡ್ ರ್‍ಯಾಂಗಮ್ ಎಂಬ ವಿದ್ವಾಂಸರು 2009ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ವಾದದ ಎಲ್ಲ ಅಂಶಗಳನ್ನೂ ಎಲ್ಲರೂ ಒಪ್ಪಿಲ್ಲ. ಬೆಂದ ಆಹಾರದಿಂದ ದೇಹ ಹೆಚ್ಚು ಶಕ್ತಿಯನ್ನು ಹೀರಿಕೊಳ್ಳುತ್ತದೆಂಬ ಮಾತು ಮಾತ್ರ ಗಟ್ಟಿಯಾದದ್ದು.

ಇಷ್ಟೆಲ್ಲ ಓದಿಕೊಂಡೂ, ನಿವೃತ್ತನಾದ ಮೇಲೆ ವೈದ್ಯರ ಒಪ್ಪಿಗೆ ಪಡೆದು ನಾನು ಹತ್ತು ದಿನ ಇದನ್ನು ಮಾಡಿ ನೋಡಿದೆ. ಮೊದಲೆರಡು ದಿನ ತಲೆನೋವು. ಅದು ಕಾಫಿ ಬಿಟ್ಟುದರ ಫಲ. ಮೂರನೆಯ ದಿನ ಹೊಟ್ಟೆಯುಬ್ಬರ. ಐದನೆಯ ದಿನದಿಂದ ನಿಜವಾಗಿಯೂ ಹಗುರವೆನಿಸಿತು, ಮಧ್ಯಾಹ್ನದ ತೂಕಡಿಕೆ ಹೋಯಿತು. ಉಪ್ಪಿಲ್ಲದ ಸೌತೆಕಾಯಿಗೂ ತನ್ನದೇ ರುಚಿಯಿದೆಯೆಂದು ನಾಲಗೆಗೆ ಅರಿವಾಯಿತು. ಇಳಿದ ಎರಡೂವರೆ ಕಿಲೋದಲ್ಲಿ ಬಹುಪಾಲು ತಿಂಗಳೊಳಗೆ ಹಿಂದಿರುಗಿತು. ನಾಲಗೆಯ ಅರಿವು ಉಳಿಯಿತು. ಒಲೆ ಹಚ್ಚದಿದ್ದರೆ ಅಡುಗೆಮನೆಗೆ ಬಿಡುವೆಂಬುದು ಗಂಡಸರ ಭ್ರಮೆ. ತೊಳೆಯುವುದು, ಸುಲಿಯುವುದು, ತುರಿಯುವುದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು, ಇದರ ಮೇಲೆ ಮಿಕ್ಕವರಿಗೆ ಎಂದಿನ ಅಡುಗೆ. ನಮ್ಮ ಮನೆಯಲ್ಲಿ ತುರಿಯುವ ಕೆಲಸವನ್ನು ನಾನೇ ವಹಿಸಿಕೊಳ್ಳಬೇಕೆಂಬ ಕರಾರಿನ ಮೇಲೆ ವ್ರತಕ್ಕೆ ಅನುಮತಿ ಸಿಕ್ಕಿತ್ತು.

ತೊಳೆಯುವ ಮಾತನ್ನು ಹಗುರವಾಗಿ ಆಡಲಿಲ್ಲ. ಚರಂಡಿಯ ನೀರಿನಲ್ಲಿ ಬೆಳೆದ ಸೊಪ್ಪು ನಮ್ಮ ಪಟ್ಟಣಗಳ ಸಂತೆಗೆ ಬರುವುದುಂಟು. ಹಸಿ ಸೊಪ್ಪಿಗೆ ಅಂಟಿದ ಲಾಡಿಹುಳುವಿನ ಮೊಟ್ಟೆ ದೇಹ ಸೇರಿದರೆ ಮರಿಹುಳು ಮಿದುಳಿನವರೆಗೂ ಹೋಗಿ ಅಪಸ್ಮಾರ ತರಬಲ್ಲದು. ಆ ಸೊಪ್ಪನ್ನು ಇಷ್ಟು ಕಾಲ ನಿರಪಾಯವಾಗಿಸುತ್ತಿದ್ದುದು ಬೆಂಕಿಯೇ. ಹಸಿ ರಾಜ್ಮಾ ಕಾಳಿನಲ್ಲಿ ವಾಂತಿಭೇದಿ ತರುವ ನಂಜಿದೆ. ಅದನ್ನು ನೆನೆಸಿದರೆ ಸಾಲದು, ಚೆನ್ನಾಗಿ ಕುದಿಸಲೇಬೇಕು. ಹೆಸರುಕಾಳಿನ ಮೊಳಕೆಯನ್ನು ಕಂಡು ಅದನ್ನೂ ಹಾಗೆಯೇ ತಿಂದವರು ಪಟ್ಟ ಪಾಡನ್ನು ವೈದ್ಯರು ಬಲ್ಲರು.

ನನ್ನೊಡನೆ ಇಪ್ಪತ್ತು ವರ್ಷ ಪಾಠ ಹೇಳಿದ ಗೆಳೆಯರೊಬ್ಬರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಶಿಬಿರವೊಂದರಿಂದ ಬಂದವರೇ ಈ ಪಥ್ಯವನ್ನು ಹಿಡಿದರು. ಮಾತ್ರೆಯನ್ನು ಎಂದಿನಂತೆ ನುಂಗುತ್ತಿದ್ದರು. ನಾಲ್ಕನೆಯ ಮಧ್ಯಾಹ್ನ ಮೈ ಬೆವೆತು, ಮಾತು ತಡವರಿಸಿ, ಕುರ್ಚಿಯಿಂದ ಜಾರಿದರು. ಮನೆಯಾಕೆ, ಇನ್ನೂ ನುಂಗುವ ಎಚ್ಚರವಿದ್ದಾಗಲೇ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಸಾಗಿಸಿದರು. ಅವರು ನುಂಗುತ್ತಿದ್ದ ಗ್ಲಿಮೆಪಿರೈಡ್ ಜಾತಿಯ ಮಾತ್ರೆ, ತಟ್ಟೆಯಲ್ಲಿ ಅನ್ನವಿದೆಯೋ ಸೌತೆಕಾಯಿಯಿದೆಯೋ ಎಂದು ನೋಡುವುದಿಲ್ಲ. ಇನ್ಸುಲಿನ್ ಹೊರಡಿಸುವ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ. ಪಥ್ಯ ಬದಲಾಯಿಸುವ ಮೊದಲು ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಬೇಕಿತ್ತು, ಆ ಮಾತನ್ನು ಶಿಬಿರದಲ್ಲಿ ಯಾರೂ ಹೇಳಿರಲಿಲ್ಲ. ರಕ್ತ ತಿಳಿಯಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಒಮ್ಮೆಗೇ ರಾಶಿ ಸೊಪ್ಪು ತಿಂದರೆ ಔಷಧದ ಬಲ ಕುಂದುತ್ತದೆ. ಮೂತ್ರಪಿಂಡ ಸೋತವರಿಗೆ ಹಣ್ಣು, ಎಳನೀರುಗಳ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ. ಬಸುರಿಯರು, ಬೆಳೆಯುವ ಮಕ್ಕಳು ಇತ್ತ ಸುಳಿಯಲೇಬಾರದು. ಮಿಕ್ಕವರು, ಆರೋಗ್ಯವಂತರಾದರೆ, ಒಂದು ವಾರ ಹತ್ತು ದಿನ ಮಾಡಿ ನೋಡುವುದರಲ್ಲಿ ಕೇಡೇನೂ ಇಲ್ಲ. ಮುಗಿಸಿದ ದಿನ ಹೋಳಿಗೆಗೆ ಹಾರದೆ ಗಂಜಿಯಿಂದ ಆರಂಭಿಸಬೇಕು.

ನನ್ನ ಗೆಳೆಯರು ಎರಡು ದಿನಕ್ಕೆ ಚೇತರಿಸಿಕೊಂಡರು. ವೈದ್ಯರೊಡನೆ ಮಾತಾಡಿ, ಮಧ್ಯಾಹ್ನದ ಊಟಕ್ಕೆ ಮೊದಲು ದೊಡ್ಡ ಬಟ್ಟಲು ಕೋಸಂಬರಿ, ಆಮೇಲೆ ಎಂದಿನ ಅನ್ನದಲ್ಲಿ ಅರ್ಧ ಎಂದು ಗೊತ್ತುಮಾಡಿಕೊಂಡರು. ಮೂರು ತಿಂಗಳ ರಕ್ತಪರೀಕ್ಷೆ ನೋಡಿ ವೈದ್ಯರೇ ಮಾತ್ರೆಯನ್ನು ಕಡಮೆ ಮಾಡಿದರು. ಅವರ ಅಂಗಿಯ ಜೇಬಿನಲ್ಲಿ ಕಲ್ಲುಸಕ್ಕರೆಯ ಸಣ್ಣ ಪೊಟ್ಟಣವೊಂದು ಈಗ ಸದಾ ಇರುತ್ತದೆ.