ವೋಟು ಬದಲಾಗಲಿಲ್ಲ, ಸರ್ಕಾರ ಬದಲಾಯ್ತು: ಸಂಸದೀಯ ಪದ್ಧತಿಯ ಸಡಿಲ ಗಂಟುಗಳು

ಇವತ್ತಿನ ವಿಷಯ ಸ್ವಲ್ಪ ಪೌರನೀತಿ ಪಾಠದ ಹಾಗೆ ಕೇಳಿಸಬಹುದು, ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಇದು ಪುಸ್ತಕದ ಮಾತಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಸಂಸದೀಯ ಪದ್ಧತಿ ಬೇಡ, ಗಣರಾಜ್ಯ ಬೇಕು" ಅಂತ ಕೆಲವರು ವಾದ ಮಾಡ್ತಾರೆ. ನಾವು 1950ರ ಜನವರಿ 26ರಿಂದಲೇ ಗಣರಾಜ್ಯ ಅಲ್ವಾ? ರಾಜ ಇಲ್ಲದಿದ್ದರೆ ಗಣರಾಜ್ಯ, ಅಷ್ಟೆ. ಬ್ರಿಟನ್ನಿನಲ್ಲಿ ರಾಜನೂ ಇದ್ದಾನೆ, ಸಂಸತ್ತೂ ಇದೆ. ಹಾಗಾಗಿ ಅವರು ನಿಜವಾಗಿ ಕೇಳುತ್ತಿರುವ ಪ್ರಶ್ನೆ ಬೇರೆ: ಆಳುವವರನ್ನು ಅಮೆರಿಕದ ಹಾಗೆ ಜನರೇ ನಿಗದಿತ ಅವಧಿಗೆ ಆರಿಸಬೇಕಾ, ಅಥವಾ ನಮ್ಮ ಹಾಗೆ ಶಾಸಕರ, ಸಂಸದರ ತಲೆ ಎಣಿಸಿ ತೀರ್ಮಾನಿಸಬೇಕಾ?

2018ರ ಮೇ ತಿಂಗಳು ನೆನಪು ಮಾಡಿಕೊಳ್ಳಿ. ಈ ಮೂರೂ ಕ್ಷೇತ್ರಗಳಲ್ಲಿ ಗೆದ್ದದ್ದು ಬಿಜೆಪಿ. ರಾಜ್ಯದಲ್ಲಿ ಆ ಪಕ್ಷಕ್ಕೆ 104 ಸ್ಥಾನ, ಬಹುಮತಕ್ಕೆ ಸಾಲದು. ಮೇ 17ಕ್ಕೆ ಪ್ರಮಾಣವಚನ ತೆಗೆದುಕೊಂಡ ಯಡಿಯೂರಪ್ಪ 19ಕ್ಕೆ ರಾಜೀನಾಮೆ ಕೊಟ್ಟರು. ಆಮೇಲೆ ಕುಮಾರಸ್ವಾಮಿ ಅವರ ಮೈತ್ರಿ ಸರ್ಕಾರ. ಹದಿನಾಲ್ಕು ತಿಂಗಳಾದ ಮೇಲೆ, 2019ರ ಜುಲೈ 23ರಂದು, ಅದೂ 99–105ರಲ್ಲಿ ಬಿತ್ತು. ಅಂದರೆ ನಮ್ಮ ಮೂವರು ಶಾಸಕರು ವಿರೋಧ ಪಕ್ಷದಿಂದ ಆಡಳಿತ ಪಕ್ಷಕ್ಕೆ ಬಂದುಬಿಟ್ಟರು. ಇಲ್ಲಿ ಯಾರೂ ಒಂದು ವೋಟೂ ಬದಲಾಯಿಸಿರಲಿಲ್ಲ ಮಾರಾಯ್ರೇ! ಬದಲಾದವರು ಮುಂಬಯಿಯ ಹೋಟೆಲಿನಲ್ಲಿ ಕೂತಿದ್ದ ಬೇರೆ ಊರಿನ ಶಾಸಕರು. ಇದರಿಂದ ನಿಮಗೆ ಖುಷಿಯಾಯ್ತೋ ಬೇಸರವಾಯ್ತೋ, ಅದು ನಿಮ್ಮ ಪಕ್ಷದ ಲೆಕ್ಕ. ನಾನು ಹೇಳುತ್ತಿರುವುದು ಮತದಾರನ ಲೆಕ್ಕ.

ಇದರ ಬೆಲೆ ಏನು ಅಂತ ಮುಂದಿನ ತಿಂಗಳೇ ಗೊತ್ತಾಯ್ತು. ಯಡಿಯೂರಪ್ಪ ಮತ್ತೆ ಮುಖ್ಯಮಂತ್ರಿ ಆದದ್ದು ಜುಲೈ 26ಕ್ಕೆ. ಸಚಿವ ಸಂಪುಟ ರಚನೆಯಾದದ್ದು ಆಗಸ್ಟ್ 20ಕ್ಕೆ. ನಡುವೆ ಇಪ್ಪತ್ತೈದು ದಿನ ಇಡೀ ರಾಜ್ಯಕ್ಕೆ ಒಬ್ಬರೇ. ಕಂದಾಯಕ್ಕೂ ಅವರೇ, ಲೋಕೋಪಯೋಗಿಗೂ ಅವರೇ, ಜಿಲ್ಲಾ ಉಸ್ತುವಾರಿ ಸಚಿವರಂತೂ ಇಲ್ಲವೇ ಇಲ್ಲ. ಸರಿಯಾಗಿ ಅದೇ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿಗೆ ನೆರೆ ಬಂತು. ಚಾರ್ಮಾಡಿ ಘಾಟಿ ಬಂದ್, ಕಿರು ಸೇತುವೆಗಳು ಹೋದವು, ಅಡಿಕೆ ತೋಟದ ಮೇಲೆ ಮರಳು ಕೂತಿತು. ಕೆಳಗೆ ಬಂಟ್ವಾಳ, ಪಾಣೆಮಂಗಳೂರಿನಲ್ಲಿ ನೇತ್ರಾವತಿ ಮನೆಯೊಳಗೆ. ಅಧಿಕಾರಿಗಳು, ಊರಿನ ಯುವಕರು ದುಡಿದರು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆದರೆ ಯಾರಿಗೆ ಯಾವ ಖಾತೆ ಅನ್ನುವ ಚೌಕಾಶಿ ಮುಗಿಯುವವರೆಗೆ ನೆರೆ ಕಾಯುವುದಿಲ್ಲವಲ್ಲ.

"ಅದು ಮೈತ್ರಿಯ ಸಮಸ್ಯೆ, ಪೂರ್ಣ ಬಹುಮತ ಕೊಟ್ಟರೆ ಸರಿಹೋಗ್ತದೆ" ಅಂತೀರಾ? 1989ರಲ್ಲಿ ಕಾಂಗ್ರೆಸ್ಸಿಗೆ ಜನ ಕೊಟ್ಟದ್ದು 224ರಲ್ಲಿ 178. ಆದರೂ ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳು. ಅನಾರೋಗ್ಯದಲ್ಲಿದ್ದ ವೀರೇಂದ್ರ ಪಾಟೀಲರನ್ನು ಬದಲಾಯಿಸುವ ಮಾತು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ರಾಜೀವ್ ಗಾಂಧಿ ಬಾಯಿಂದ ಹೊರಬಿತ್ತು. ಆಮೇಲೆ ಬಂಗಾರಪ್ಪ. 1992ರ ನವೆಂಬರಿನಲ್ಲಿ ಮೂಡುಬಿದಿರೆಯ ಮಾರ್ಪಾಡಿಯ ವೀರಪ್ಪ ಮೊಯ್ಲಿ, ತುಳುನಾಡಿನ ಮೊದಲ ಮುಖ್ಯಮಂತ್ರಿ. ನಮಗೆಲ್ಲ ಹೆಮ್ಮೆಯೇ. ಆದರೆ 1989ರಲ್ಲಿ ಮತಗಟ್ಟೆಗೆ ಹೋದ ಯಾರೂ ಈ ಸಾಲನ್ನು ಆರಿಸಿರಲಿಲ್ಲ. 1994ರಲ್ಲಿ ಅದೇ ಪಕ್ಷ 34 ಸ್ಥಾನಕ್ಕೆ ಇಳಿಯಿತು. ಇನ್ನು 2011ರಲ್ಲಿ ಮುಖ್ಯಮಂತ್ರಿಯಾದ ಸುಳ್ಯದ ಸದಾನಂದ ಗೌಡರು ಆಗ ಶಾಸಕರೇ ಅಲ್ಲ, ಸಂಸದರು.

ಇದೆಲ್ಲ ಸಂವಿಧಾನ ಬರೆದವರಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾವ್ ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು. ಅಮೆರಿಕ, ಕೆನಡಾ, ಐರ್ಲೆಂಡ್ ಸುತ್ತಿ ಅಲ್ಲಿನವರ ಜೊತೆ ಚರ್ಚೆ ಮಾಡಿ ಬಂದವರು. 1948ರ ನವೆಂಬರ್ 4ರ ಭಾಷಣದಲ್ಲಿ ಅಂಬೇಡ್ಕರ್ ಇದನ್ನೇ ಮುಚ್ಚುಮರೆ ಇಲ್ಲದೆ ಹೇಳಿದರು: ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಜಾಸ್ತಿ, ನಮ್ಮದರಲ್ಲಿ ಹೊಣೆಗಾರಿಕೆ ಜಾಸ್ತಿ. ಎರಡೂ ಸಮನಾಗಿ ಸಿಗುವುದಿಲ್ಲ, ನಾವು ಹೊಣೆಗಾರಿಕೆ ಆರಿಸಿದ್ದೇವೆ ಎಂದು. ಸದನದಲ್ಲಿ ದಿನವೂ ಪ್ರಶ್ನೆ ಕೇಳಬಹುದು ಎನ್ನುವುದು ಆ ನಂಬಿಕೆಯ ಅಡಿಪಾಯ. ಈಗ ನಮ್ಮ ವಿಧಾನಸಭೆ ವರ್ಷಕ್ಕೆ ಎಷ್ಟು ದಿನ ಕೂರುತ್ತದೆ ಅಂತ ನೋಡಿದರೆ, ಸ್ಥಿರತೆಯನ್ನೂ ಬಿಟ್ಟುಕೊಟ್ಟು, ಹೊಣೆಗಾರಿಕೆಯನ್ನೂ ಕಳೆದುಕೊಂಡ ಹಾಗೆ ಆಗಿದೆ ಅಂತ ನನಗೆ ಅನಿಸ್ತದೆ.

ಹಾಗಂತ ಅಧ್ಯಕ್ಷೀಯ ಪದ್ಧತಿಗೆ ಹಾರುವ ಮೊದಲು ಪಕ್ಕದ ಶ್ರೀಲಂಕಾ ನೋಡಿ. 1978ರಿಂದ ಅಲ್ಲಿ ಬಲಿಷ್ಠ ಅಧ್ಯಕ್ಷರು. 2022ರಲ್ಲಿ ಪೆಟ್ರೋಲು, ಔಷಧ ಇಲ್ಲದೆ ಜನ ಬೀದಿಗೆ ಬಂದರೂ ಗೋಟಬಯ ಅವರನ್ನು ಸಂಸತ್ತು ಇಳಿಸಲಾಗಲಿಲ್ಲ, ಅವರಾಗಿಯೇ ಓಡಿಹೋಗಬೇಕಾಯ್ತು. ನಮ್ಮಲ್ಲಾದರೆ ಒಂದು ಅವಿಶ್ವಾಸ ಮತದ ಕೆಲಸ.

ಇದೇ ಗಂಟು ನಮ್ಮ ಊರಿನ ಪುರಸಭೆಯಲ್ಲೂ ಇದೆ. 2018ರಲ್ಲಿ ಬಂಟ್ವಾಳ ಪುರಸಭೆಯ 27 ಸ್ಥಾನಗಳಲ್ಲಿ ಕಾಂಗ್ರೆಸ್ 12, ಬಿಜೆಪಿ 11, ಎಸ್‌ಡಿಪಿಐ 4. ಅಧ್ಯಕ್ಷರನ್ನು ಆರಿಸುವುದು ಸದಸ್ಯರು, ಅದಕ್ಕೆ ಮೀಸಲಾತಿ ಪಟ್ಟಿ ಬೇಕು, ಪಟ್ಟಿ ಕೋರ್ಟಿನಲ್ಲಿ. ಗೆದ್ದವರು ಎರಡು ವರ್ಷ ಅಧಿಕಾರವಿಲ್ಲದೆ ಕಾದರು. ಅಲ್ಲಿವರೆಗೆ ಆಡಳಿತಾಧಿಕಾರಿಯ ಕಾರುಬಾರು. ಉತ್ತರ ಪ್ರದೇಶದಲ್ಲಿ ಪಟ್ಟಣದ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸ್ತಾರೆ. ಮೀಸಲಾತಿ ಅಲ್ಲೂ ಇದೆ, ಆದರೆ ಮತ ಹಾಕುವ ದಿನವೇ ಅಧ್ಯಕ್ಷರು ಯಾರು ಅಂತ ಇತ್ಯರ್ಥ. ಪ್ರಯೋಗ ಮಾಡುವುದಾದರೆ ಮೊದಲು ಇಲ್ಲಿ ಮಾಡಬಹುದು, ದೆಹಲಿಯಲ್ಲಲ್ಲ.

ರಾಜ್ಯದ ಮಟ್ಟಕ್ಕೆ ನನಗೆ ಬೇಕಾದದ್ದು ಎರಡೇ. ಜರ್ಮನಿಯಲ್ಲಿ ಮುಂದಿನ ನಾಯಕನನ್ನು ಆರಿಸದೆ ಈಗಿನವರನ್ನು ಇಳಿಸುವ ಹಾಗಿಲ್ಲ. 1949ರಿಂದ ಇಲ್ಲಿವರೆಗೆ ಹಾಗೆ ಸರ್ಕಾರ ಬದಲಾದದ್ದು ಒಂದೇ ಸಲ, 1982ರಲ್ಲಿ. ಅದು ಇಲ್ಲಿಗೂ ಬರಲಿ. ಇನ್ನೊಂದು, 2019ರಲ್ಲಿ ಅನರ್ಹರಾದ 17 ಶಾಸಕರ ವಿಷಯ. ಅನರ್ಹತೆ ಸರಿ, ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಅನ್ನಲು ಸ್ಪೀಕರಿಗೆ ಅಧಿಕಾರವಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನಲ್ಲೇ ಹದಿನೈದು ಕಡೆ ಉಪಚುನಾವಣೆ, ಬಹುತೇಕರು ಹೊಸ ಪಕ್ಷದಿಂದ ಗೆದ್ದು ಬಂದರು, ಹಲವರು ಮಂತ್ರಿಯೂ ಆದರು. ಆ ಅಧಿಕಾರ ಸ್ಪೀಕರಿಗೆ ಬೇಡ, ಕಾನೂನಿನಲ್ಲೇ ಬರೆಯಲಿ: ಪಕ್ಷಾಂತರಕ್ಕಾಗಿ ಅನರ್ಹನಾದವನು ಅದೇ ಅವಧಿಯಲ್ಲಿ ಮತ್ತೆ ನಿಲ್ಲುವ ಹಾಗಿಲ್ಲ. ಇದಕ್ಕೆ ಅಧ್ಯಕ್ಷೀಯ ಪದ್ಧತಿ ಬೇಕಾಗಿಲ್ಲ, ಹತ್ತನೇ ಅನುಸೂಚಿಗೆ ಒಂದು ತಿದ್ದುಪಡಿ ಸಾಕು. ಅದನ್ನು ಪಾಸು ಮಾಡಬೇಕಾದವರು ಮಾತ್ರ, ಅವರೇ.