ಮಹಾಸಭೆಯಲ್ಲಿ ಓದದೆ ಬಿಟ್ಟ ಪುಟಗಳು



ಬ್ಯಾಂಕುಗಳ ತವರೂರು ಎಂಬ ಹೊಗಳಿಕೆ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಗೆ ಹಳತು. ಇಲ್ಲಿ ಹುಟ್ಟಿದ ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳ ಬೋರ್ಡುಗಳು 2019 ಮತ್ತು 2020ರ ವಿಲೀನಗಳಲ್ಲಿ ಇಳಿದವು. ಆದರೆ 1909ರಲ್ಲಿ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರಿ ಸಂಘ ಕಟ್ಟಿ ಹಾಕಿಕೊಟ್ಟ ದಾರಿ ಉಳಿದಿದೆ. ಊರವರು ‘ಸಿ.ಎ. ಬ್ಯಾಂಕು’ ಎನ್ನುವ ಕೃಷಿ ಪತ್ತಿನ ಸಹಕಾರಿ ಸಂಘಗಳನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ನಡೆಸುವ ನಾವು ಆ ದಾರಿಯವರು.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 2020ರ ಕಾನೂನು ತಿದ್ದುಪಡಿ ಪಟ್ಟಣ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತವನ್ನು ಬಿಗಿಗೊಳಿಸಿತು. ನಮ್ಮಂಥ ಕೃಷಿ ಪತ್ತಿನ ಸಂಘಗಳನ್ನು ಹೊರಗಿಟ್ಟಿತು. ಬ್ಯಾಂಕಿನ ಠೇವಣಿಗಿರುವ 5 ಲಕ್ಷ ರೂಪಾಯಿಯ ವಿಮೆಯೂ ನಮ್ಮ ಠೇವಣಿದಾರರಿಗಿಲ್ಲ. ಅಡಿಕೆ ಮಾರಿದ ಹಣವನ್ನು ನಿರಖು ಠೇವಣಿ ಇಡುವ ಎಷ್ಟು ಮಂದಿಗೆ ಇದು ಗೊತ್ತಿದೆ? ರಿಸರ್ವ್ ಬ್ಯಾಂಕಿನ ಕಣ್ಗಾವಲಿದ್ದೂ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ ಏನಾಯಿತೆಂದು ನೋಡಿದ್ದೇವೆ. 2020ರ ಜನವರಿಯಲ್ಲಿ, ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂಬ ನಿರ್ಬಂಧ ಬಿತ್ತು. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಬೀದಿಗೆ ಬಂದರು.

ನಮ್ಮಲ್ಲಿ ದಿನನಿತ್ಯ ಕಾಯಬೇಕಾದವರು ನಾವೇ. ಕಾಯುತ್ತಿದ್ದೇವೆಯೇ? ಸೆಪ್ಟೆಂಬರ್ ಬಂದರೆ ಮಹಾಸಭೆಗಳ ಸಾಲು. ವರದಿ ಪುಸ್ತಕ ಹಂಚುತ್ತೇವೆ. ‘ಲೆಕ್ಕಪರಿಶೋಧನಾ ವರದಿ ನಿಮ್ಮ ಕೈಯಲ್ಲೇ ಇದೆ, ಓದಿದ್ದೇವೆಂದು ಭಾವಿಸೋಣವೇ?’ ಎಂದು ಕೇಳುತ್ತೇವೆ. ಚಪ್ಪಾಳೆ ಬೀಳುತ್ತದೆ. ಹೊತ್ತು ಹೋಗುವುದು ಡಿವಿಡೆಂಡಿನ ಚರ್ಚೆಗೆ, ಅಷ್ಟರಲ್ಲಿ ಪಾಯಸದ ಪರಿಮಳ. ಪರಿಶೋಧಕರು ಬರೆದ ನ್ಯೂನತೆಗಳಿಗೆ ಅನುಪಾಲನಾ ವರದಿಯಲ್ಲಿ ‘ಸರಿಪಡಿಸಿಕೊಳ್ಳಲಾಗುವುದು’ ಎಂಬ ಒಂದೇ ಸಾಲು, ಮರುವರ್ಷವೂ ಅದೇ. ಇನ್ನು ಅವಿರೋಧ ಆಯ್ಕೆ! ನಾವದನ್ನು ಹಾರ ಹಾಕಿ ಸಂಭ್ರಮಿಸುತ್ತೇವೆ. ಅಧ್ಯಕ್ಷರನ್ನು ಪ್ರಶ್ನಿಸುವವರು ಆಡಳಿತ ಮಂಡಳಿಯಲ್ಲಿ ಒಬ್ಬರೂ ಇಲ್ಲವೆಂದರೆ ಅದರಲ್ಲಿ ಸಂಭ್ರಮವೇನು ಬಂತು?

ಹಣ ಸೋರುವುದು ಹೆಚ್ಚಾಗಿ ಸಣ್ಣ ಸಲುಗೆಗಳಲ್ಲಿ. ಚಿನ್ನದ ಸಾಲವನ್ನೇ ನೋಡಿ. ಸೇಫಿನ ಎರಡು ಕೀಲಿಕೈ ಇಬ್ಬರ ಬಳಿ ಇರಬೇಕು. ಒಬ್ಬರು ಮದುವೆಗೆ ಹೊರಟರೆ ತಮ್ಮದನ್ನೂ ಇನ್ನೊಬ್ಬರ ಕೈಗೆ ಕೊಟ್ಟು ಹೋಗುತ್ತಾರೆ. ‘ನಮ್ಮವರೇ ಅಲ್ಲವೇ?’ ಆಭರಣ ಒರೆಗೆ ಹಚ್ಚಿ ತೂಕ ಬರೆಯುವ ಸರಾಫರು ವರ್ಷಗಟ್ಟಲೆ ಒಬ್ಬರೇ. ಪೊಟ್ಟಣ ಬಿಚ್ಚಿ ಬೇರೆ ಸರಾಫರಿಂದ ಮರುಪರೀಕ್ಷೆ ಮಾಡಿಸೋಣವೆಂದರೆ ‘ಅವರಿಗೆ ಬೇಸರವಾಗುತ್ತದೆ’. ಬೇಸರವಾಗಲಿ! ಪಿಗ್ಮಿ ಸಂಗ್ರಾಹಕರ ಪುಸ್ತಕವನ್ನು ಗ್ರಾಹಕರ ಮನೆಯಲ್ಲೇ ತಾಳೆ ನೋಡುವುದೂ ಹೀಗೆಯೇ ಸಂಕೋಚಕ್ಕೆ ಬಲಿಯಾಗಿದೆ. ಗಣಕೀಕರಣದಿಂದ ಎಲ್ಲ ಸರಿಹೋಗುತ್ತದೆಂಬ ನಂಬಿಕೆ ನನಗಿಲ್ಲ. ನಕಲಿ ಬಳೆಯ ತೂಕವನ್ನೂ ಕಂಪ್ಯೂಟರ್ ಅಚ್ಚುಕಟ್ಟಾಗಿಯೇ ಬರೆದಿಡುತ್ತದೆ.

ಅದಕ್ಕೇ ನನ್ನ ಸಲಹೆಗಳಿವು: ನಿರ್ದೇಶಕರು ಮತ್ತು ಅವರ ಹತ್ತಿರದ ಸಂಬಂಧಿಕರ ಸಾಲ, ಸುಸ್ತಿಗಳ ಪಟ್ಟಿ ವರದಿ ಪುಸ್ತಕದಲ್ಲಿ ಅಚ್ಚಾಗಲಿ. ನನ್ನ ಹೆಸರಿನಿಂದಲೇ ಶುರುವಾಗಲಿ. ತಮ್ಮವರ ಸಾಲದ ಅರ್ಜಿ ಬಂದಾಗ ನಿರ್ದೇಶಕರು ಎದ್ದು ಹೊರಗೆ ಹೋಗಲಿ, ಅದು ನಡಾವಳಿಯಲ್ಲಿ ದಾಖಲಾಗಲಿ. ಮುಂದಿನ ಸೆಪ್ಟೆಂಬರಿನ ಮಹಾಸಭೆಗಳಲ್ಲಿ ನ್ಯೂನತೆಗಳ ಪುಟಗಳನ್ನು ಊಟಕ್ಕೆ ಮೊದಲು ಗಟ್ಟಿಯಾಗಿ ಓದಿಸಿ. ಸದಸ್ಯರು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಿ. ಈ ಸಲಹೆಗಳನ್ನು ನಿರ್ಣಯವಾಗಿ ಇಂದಿನ ಸಮಾವೇಶ ಅಂಗೀಕರಿಸಬೇಕೆಂದು ಕೋರುತ್ತೇನೆ.