ಹಣ ಕೇಳುವ ಹೊತ್ತು

ಸಾಲಸೋಲ ಮಾಡಿ ಮಕ್ಕಳನ್ನು ಓದಿಸಿ ಇಂದು ಈ ಸಭಾಂಗಣ ತುಂಬಿರುವ ತಂದೆ ತಾಯಂದಿರೇ, ಪದವಿ ಪಡೆದ ಪ್ರೀತಿಯ ಯುವ ವೈದ್ಯರೇ, ಶುಶ್ರೂಷಕರೇ, ಫಾರ್ಮಾಸಿಸ್ಟರೇ,

ನಾಳೆಯಿಂದ ನೀವು ಎಲ್ಲೇ ಕೆಲಸಕ್ಕೆ ಸೇರಿದರೂ ಒಂದು ಪ್ರಶ್ನೆ ನಿಮಗೆ ಎದುರಾಗುತ್ತದೆ: ಚಿಕಿತ್ಸೆ ಪ್ರಜೆಯ ಹಕ್ಕೋ, ದುಡ್ಡಿದ್ದವರು ಕೊಳ್ಳುವ ಸರಕೋ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಹಕ್ಕು. ಆದರೆ ಆ ಹಕ್ಕು ಉಳಿಯುವುದೂ ಅಳಿಯುವುದೂ ಆಸ್ಪತ್ರೆ ಯಾರದು ಎನ್ನುವುದಕ್ಕಿಂತ ಹೆಚ್ಚಾಗಿ, ನಾವು ಹಣವನ್ನು ಯಾವ ಹೊತ್ತಿನಲ್ಲಿ, ಯಾರಲ್ಲಿ ಕೇಳುತ್ತೇವೆ ಎನ್ನುವುದರ ಮೇಲೆ ನಿಂತಿದೆ.

ಸೀರೆಯನ್ನೋ ಟ್ರ್ಯಾಕ್ಟರನ್ನೋ ಕೊಳ್ಳುವಾಗ ನಾಲ್ಕು ಅಂಗಡಿ ತಿರುಗಬಹುದು, ಬೇಡವೆಂದು ಎದ್ದು ಬರಬಹುದು. ಎದೆನೋವಿನಿಂದ ಒದ್ದಾಡುತ್ತಿರುವವನಿಗೆ ಈ ಎರಡೂ ಸಾಧ್ಯವಿಲ್ಲ. ತನಗೆ ಏನು ಬೇಕು ಎಂಬುದನ್ನೂ ಅವನು ನಿಮ್ಮಿಂದಲೇ ಕೇಳಿ ತಿಳಿಯಬೇಕು. ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಇದನ್ನು ವಿವರಿಸಿದರು: ರೋಗ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ, ವೈದ್ಯರಿಗೆ ತಿಳಿದಿರುವುದು ರೋಗಿಗೆ ತಿಳಿದಿಲ್ಲ, ಆದ್ದರಿಂದ ವೈದ್ಯಕೀಯ ಸೇವೆ ಬೇರೆ ಮಾರುಕಟ್ಟೆಗಳಂತೆ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಸಾಕ್ಷಿ ಬೇಕಿದ್ದರೆ ಹೃದಯದ ಕಟ್ಟಿದ ರಕ್ತನಾಳಕ್ಕೆ ಹಾಕುವ ಸ್ಟೆಂಟ್‌ನ ಬೆಲೆ ನೋಡಿ. ಲಕ್ಷ ರೂಪಾಯಿಗೂ ಮೀರಿ ಬಿಲ್ಲಾಗುತ್ತಿದ್ದ ಔಷಧ ಲೇಪಿತ ಸ್ಟೆಂಟ್‌ಗೆ 2017ರ ಫೆಬ್ರವರಿಯಲ್ಲಿ ಔಷಧ ಬೆಲೆ ಪ್ರಾಧಿಕಾರ 29,600 ರೂಪಾಯಿಯ ಮಿತಿ ಹಾಕಿತು. ಅಲ್ಲಿಯವರೆಗೆ ಆ ಬೆಲೆ ಏಕೆ ಇಳಿಯಲಿಲ್ಲ? ಆಪರೇಷನ್ ಮೇಜಿನ ಮೇಲೆ ಮಲಗಿದವರು ಚೌಕಾಸಿ ಮಾಡಲಾರರು. ಕಾರಣ ಅಷ್ಟೇ.

ಹಾಗಾದರೆ ಎಲ್ಲವೂ ಸರ್ಕಾರದ ಕೈಯಲ್ಲಿದ್ದರೆ ಸಾಕೇ? 1992ರಲ್ಲಿ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕನೊಬ್ಬ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಅವನನ್ನು ಮುಂದಕ್ಕೆ ಸಾಗಹಾಕಿತು. ಒಂದು ಕಡೆ ಹಾಸಿಗೆಯಿಲ್ಲ, ಇನ್ನೊಂದು ಕಡೆ ಸೌಲಭ್ಯವಿಲ್ಲ. ಕೊನೆಗೆ ಅವನು ಉಳಿದದ್ದು ಖಾಸಗಿ ಆಸ್ಪತ್ರೆಯಲ್ಲಿ, ತನ್ನ ಖರ್ಚಿನಲ್ಲಿ. 1996ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿ, ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಉಲ್ಲಂಘನೆ ಎಂದು ತೀರ್ಪಿತ್ತಿತು. ಹಣವಿಲ್ಲವೆಂದು ಹೇಳಿ ಸರ್ಕಾರ ಈ ಹೊಣೆಯಿಂದ ನುಣುಚಿಕೊಳ್ಳಲಾಗದು ಎಂದಿತು. ಅದಕ್ಕೂ ಮೊದಲು, 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿ ವೈದ್ಯರೂ ಗಾಯಾಳುವಿನ ಜೀವ ಉಳಿಸಲು ಬದ್ಧರು ಎಂದು ಅದೇ ನ್ಯಾಯಾಲಯ ಹೇಳಿತ್ತು. ಸರ್ಕಾರದ್ದೆಂದ ಮಾತ್ರಕ್ಕೆ ಹಕ್ಕು ದಕ್ಕುವುದಿಲ್ಲ, ಖಾಸಗಿಯೆಂದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ದಾರಿ ಯಾವುದು? ಸ್ವಾತಂತ್ರ್ಯದ ಹಿಂದಿನ ವರ್ಷ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ, ಕೊಡಲು ದುಡ್ಡಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಬರೆಯಿತು. ಎರಡೇ ವರ್ಷದಲ್ಲಿ, ಯುದ್ಧದಿಂದ ಜರ್ಜರಿತವಾಗಿದ್ದ ಬ್ರಿಟನ್ ತೆರಿಗೆಯ ಹಣದಿಂದ ಎಲ್ಲರಿಗೂ ಚಿಕಿತ್ಸೆ ಕೊಡುವ ವ್ಯವಸ್ಥೆ ಕಟ್ಟಿತು. ಇನ್ನು ನಮ್ಮ ಕರ್ನಾಟಕವೇ ತೋರಿಸಿದ ದಾರಿಯೊಂದಿದೆ. 2003ರಲ್ಲಿ ಯಶಸ್ವಿನಿ ಯೋಜನೆ ಶುರುವಾದಾಗ ಸಹಕಾರ ಸಂಘದ ರೈತ ಕಟ್ಟಿದ್ದು ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ. ಸರ್ಕಾರವೂ ತನ್ನ ಪಾಲು ಹಾಕಿತು. ಅಷ್ಟರಿಂದ ಖಾಸಗಿ ಆಸ್ಪತ್ರೆಗಳಲ್ಲಿಯೂ ಅವನಿಗೆ ಹೃದಯದ ಶಸ್ತ್ರಚಿಕಿತ್ಸೆ ದೊರೆಯುವಂತಾಯಿತು. ಆಸ್ಪತ್ರೆಗೆ ಹಣ ಸಂದಿತು, ವೈದ್ಯರಿಗೆ ಸಂಬಳ ಸಿಕ್ಕಿತು, ರೈತ ಹೊಲ ಮಾರಲಿಲ್ಲ. ಎಲ್ಲರಿಂದ, ಗಟ್ಟಿಮುಟ್ಟಾಗಿರುವಾಗ, ಶಕ್ತಿಯಿದ್ದಷ್ಟು ಹಣ ಕೇಳುವುದು ನ್ಯಾಯ. ಒಬ್ಬನಿಂದ, ಅವನು ನರಳುತ್ತಿರುವಾಗ, ಅವನ ರೋಗಕ್ಕೆ ತಕ್ಕಷ್ಟು ಕೇಳುವುದು ಅನ್ಯಾಯ.

ಇಷ್ಟಾದರೂ ಶಸ್ತ್ರಚಿಕಿತ್ಸೆಯ ವಿಮೆಯೊಂದೇ ಸಾಲದು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನಿಂದಲೇ ನೇರವಾಗಿ ಹೋಗುವ ಪಾಲು 2013–14ರಲ್ಲಿ ಶೇ. 64ರಷ್ಟಿತ್ತು, 2021–22ರ ಹೊತ್ತಿಗೆ ಶೇ. 39ಕ್ಕೆ ಇಳಿಯಿತು ಎನ್ನುತ್ತದೆ ಸರ್ಕಾರದ ಲೆಕ್ಕ. ಇಳಿದದ್ದು ಸಂತೋಷ, ಉಳಿದಿರುವುದೂ ಸಣ್ಣದಲ್ಲ. ಅದರಲ್ಲಿ ದೊಡ್ಡ ಭಾಗ ಹೋಗುವುದು ಗುಳಿಗೆಗೆ, ಔಷಧಿಗೆ. ಬಿಪಿ ಮಾತ್ರೆಗೆ ದಿನಕ್ಕೆ ಕೆಲವು ರೂಪಾಯಿ ಹೊಂದಿಸಲಾಗದವಳಿಗೆ ಪಾರ್ಶ್ವವಾಯು ಬಡಿದ ಮೇಲೆ ಲಕ್ಷಾಂತರ ರೂಪಾಯಿಯ ಪ್ಯಾಕೇಜ್ ಮಂಜೂರು ಮಾಡುವುದು, ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿ, ಮುಂದೆ ಕರುಣಾ ಟ್ರಸ್ಟ್ ಮೂಲಕ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೇ ವಹಿಸಿಕೊಂಡು ನಡೆಸಿದ್ದು ಇದನ್ನು ಅರಿತೇ. ಹಕ್ಕು ಮೊದಲು ನೆಲೆ ನಿಲ್ಲಬೇಕಾದದ್ದು ಹೋಬಳಿಯ ಆ ಸಣ್ಣ ಕಟ್ಟಡದಲ್ಲಿ.

ನಿಮ್ಮ ಕಷ್ಟವನ್ನೂ ನಾನು ಬಲ್ಲೆ. 2023ರಲ್ಲಿ ರಾಜಸ್ಥಾನ ಆರೋಗ್ಯ ಹಕ್ಕಿನ ಕಾಯ್ದೆ ತಂದಾಗ ಖಾಸಗಿ ವೈದ್ಯರು ಬೀದಿಗಿಳಿದು ಕೇಳಿದ್ದು ಒಂದೇ ಪ್ರಶ್ನೆಯಲ್ಲ. ಆದರೆ ತುರ್ತು ಚಿಕಿತ್ಸೆಯ ಖರ್ಚನ್ನು ಯಾರು, ಯಾವಾಗ ಕೊಡುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆ. ಹಕ್ಕನ್ನು ಘೋಷಿಸಿದವರು ಹಣವನ್ನೂ ಇಡಬೇಕು, ಹೊತ್ತಿಗೆ ಸರಿಯಾಗಿ ಪಾವತಿಸಬೇಕು. ಇನ್ನು ವೈದ್ಯಕೀಯ ಸೀಟಿಗೆ ಮನೆ ಅಡವಿಡಬೇಕಾದ ನಾಡಿನಲ್ಲಿ ಆ ಸಾಲ ಕೊನೆಗೆ ರೋಗಿಯ ಬಿಲ್ಲಿನಲ್ಲೇ ಮೂಡುತ್ತದೆ. ಶಿಕ್ಷಣವನ್ನು ಸಂತೆಗಿಟ್ಟು ಚಿಕಿತ್ಸೆಯನ್ನು ಮಾತ್ರ ಸೇವೆಯೆಂದು ಕರೆಯಲಾಗದು. ಈ ಮಾತನ್ನು ಸರ್ಕಾರಕ್ಕೂ ಆಡಳಿತ ಮಂಡಳಿಗಳಿಗೂ ಇದೇ ವೇದಿಕೆಯಿಂದ ಹೇಳುತ್ತಿದ್ದೇನೆ.

ಆದರೆ ಅವರು ಬದಲಾಗುವವರೆಗೆ ನೀವು ಕಾಯಬೇಕಿಲ್ಲ. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯಬಾರದು, ಬಿಲ್ಲು ಬಾಕಿಯಿದೆಯೆಂದು ಶವವನ್ನು ತಡೆಯಬಾರದು ಎಂದು ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳುತ್ತದೆ. ಈ ಕಾನೂನನ್ನು ನಿಮ್ಮ ಪಠ್ಯದಷ್ಟೇ ಚೆನ್ನಾಗಿ ಓದಿಕೊಳ್ಳಿ. ಅಗ್ಗದ ಒಳ್ಳೆಯ ಮದ್ದಿದ್ದರೆ ಚೀಟಿಯಲ್ಲಿ ಅದನ್ನೇ ಬರೆಯಿರಿ. ಬೇಡದ ಸ್ಕ್ಯಾನ್ ಮಾಡಿಸಬೇಡಿ, ಕಮಿಷನ್ ಮುಟ್ಟಬೇಡಿ. ತಿಂಗಳಿಗೆ ಇಷ್ಟು ಮಂದಿಯನ್ನು ದಾಖಲಿಸಲೇಬೇಕು ಎಂದು ಯಾರಾದರೂ ಗುರಿ ನಿಗದಿ ಮಾಡಿದರೆ, ಆಗುವುದಿಲ್ಲ ಎನ್ನಿ. ಒಬ್ಬರೇ ಹೇಳಲು ಅಂಜಿಕೆಯಾದರೆ ಹತ್ತು ಮಂದಿ ಸೇರಿ ಹೇಳಿ. ಕೆಲವು ವರ್ಷವಾದರೂ ತಾಲ್ಲೂಕಿನಲ್ಲಿ, ಹಳ್ಳಿಯಲ್ಲಿ ದುಡಿಯಿರಿ.

ಚೆನ್ನಾಗಿ ಸಂಪಾದಿಸಿ, ಅದರಲ್ಲಿ ತಪ್ಪೇನಿಲ್ಲ. ನಿಮ್ಮ ಸಂಪಾದನೆಗೆ ದಾರಿ ಮಾಡಿಕೊಡುವುದು ಸಮಾಜದ ಕರ್ತವ್ಯ. ಆದರೆ ಬಾಗಿಲಿಗೆ ಬಂದವರನ್ನು ಒಳಗೆ ಕರೆದುಕೊಳ್ಳುವ ತೀರ್ಮಾನ ನಿಮ್ಮದಾಗಿರಲಿ, ಕ್ಯಾಷ್ ಕೌಂಟರಿನದಾಗದಿರಲಿ. ನೀವು ಇಷ್ಟನ್ನು ಬಿಟ್ಟುಕೊಡದಿದ್ದರೆ ಈ ನಾಡಿನಲ್ಲಿ ಆರೋಗ್ಯ ಹಕ್ಕಾಗಿಯೇ ಇರುತ್ತದೆ.